ಮಳೆಗಾಲದ ಹಿಮಾಲಯನ್: ಮನೆಯಂಗಳದಲ್ಲೇ ಮಾಡಿಕೊಳ್ಳುವ ಸರ್ವಿಸ್

ಜುಲೈ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನಲ್ಲಿ ಸಕಲೇಶಪುರದಿಂದ ಬಿಸಿಲೆ ಘಾಟಿ ಕಡೆ ಒಂದು ಸುತ್ತು ಹೋಗಿ ಬನ್ನಿ. ಮೀಟರ್‌ನಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ಸೇರಿರುತ್ತದೆ, ಅಷ್ಟೇ. ಆದರೆ ಚೈನನ್ನು ಬೆರಳಿನಿಂದ ಮುಟ್ಟಿ ನೋಡಿ. ಎಣ್ಣೆ ಇರಬೇಕಾದ ಜಾಗದಲ್ಲಿ ಕೆಂಪು ಮಣ್ಣಿನ ಅಂಟು. ಎರಡು ಬೆರಳ ನಡುವೆ ಉಜ್ಜಿದರೆ ರವೆಯ ಹಾಗೆ ಕರಕರ ಅನ್ನುತ್ತದೆ. ಇದೇ ಮಣ್ಣು ಬ್ರೇಕ್ ಪ್ಯಾಡ್ ಹಿಂದೆ ಇದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೊಳವೆಗಳ ಸೀಲ್ ಹತ್ತಿರ ಇದೆ, ಕೇಬಲ್ ಬಾಯಲ್ಲೂ ಇದೆ.

ಸರ್ವಿಸ್ ಬುಕ್ ಕಿಲೋಮೀಟರ್ ಲೆಕ್ಕ ಹೇಳುತ್ತದೆ. ಡಾಂಬರು ರಸ್ತೆಯಲ್ಲಿ ಓಡುವ ಬೈಕಿಗೆ ಆ ಲೆಕ್ಕ ಸಾಕು. ಮಣ್ಣಿನ ದಾರಿ, ತೋಟದ ರಸ್ತೆ, ಹಳ್ಳ ಎಲ್ಲವನ್ನೂ ದಾಟುವ ಬೈಕಿಗೆ ಕೆಸರಿನ ಲೆಕ್ಕ ಇಡಬೇಕು. ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಎಂಥಾ ದಾರಿಯಲ್ಲಿ ಹೋಯಿತು ಅನ್ನುವುದು ಮುಖ್ಯ. ಪ್ರತಿ ಕೆಸರಿನ ಓಡಾಟದ ನಂತರ ಗ್ಯಾರೇಜಿಗೆ ಹೋಗೋಕೆ ಯಾರಿಗೂ ಆಗಲ್ಲ. ಹಾಗಾಗಿ ಇದನ್ನು ನಾವೇ ಕಲಿಯಬೇಕು. ಕಲಿಯುವುದು ಕಷ್ಟವೂ ಅಲ್ಲ.

ನಾನು ಹೇಳುತ್ತಿರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬಗ್ಗೆ. 2016ರಲ್ಲಿ ಬಂದ ಬೈಕ್ ಇದು. ಮುಂದೆ 21 ಇಂಚಿನ, ಹಿಂದೆ 17 ಇಂಚಿನ ಸ್ಪೋಕ್ ಚಕ್ರ, ಟ್ಯೂಬ್ ಟೈರ್, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. 2023ರ ಕೊನೆಗೆ ಇದರ ಹೊಸ ಮಾದರಿ 450 ಬಂದರೂ ನಮ್ಮ ಕಡೆ ರಸ್ತೆಗಳಲ್ಲಿ ಹಳೆಯ 411 ಇನ್ನೂ ಬೇಕಾದಷ್ಟು ಓಡುತ್ತಿವೆ. ಬಿಚ್ಚಿ ಜೋಡಿಸಲು ಸರಳವಾದ ಎಂಜಿನ್, ಮೊದಲ ಸಲ ಪಾನಾ ಹಿಡಿಯುವವರಿಗೂ ಹೆದರಿಕೆ ಹುಟ್ಟಿಸುವುದಿಲ್ಲ. ನಿಮ್ಮದು ಹೀರೋ ಕಂಪನಿಯ ಎಕ್ಸ್‌ಪಲ್ಸ್ ಆಗಿದ್ದರೂ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ. ಬೈಕಿಗೆ ಇನ್ನೂ ವಾರಂಟಿ ಇದ್ದರೆ ನಿಗದಿ ಸರ್ವಿಸ್‌ಗಳನ್ನು ಕಂಪನಿಯಲ್ಲೇ ಮಾಡಿಸಿ. ತೊಳೆಯುವುದು, ಚೈನ್ ನೋಡುವುದು ಮನೆಯಲ್ಲಿ ಇರಲಿ.

ಮೊದಲು ಏನೇನು ಬೇಕು

ಓನರ್ಸ್ ಮ್ಯಾನ್ಯುಯಲ್ ಮೊದಲು. ಕಳೆದುಹೋಗಿದ್ದರೆ ಡೌನ್‌ಲೋಡ್ ಮಾಡಿ ಫೋನಲ್ಲಿ ಇಟ್ಟುಕೊಳ್ಳಿ. ಆಮೇಲೆ ಒಂದು ಒಳ್ಳೆಯ ಸಾಕೆಟ್ ಸೆಟ್, ರಿಂಗ್ ಪಾನಾಗಳು, ಅಲೆನ್ ಕೀಗಳು, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ನಟ್‌ಗೆ ಅಳತೆ ನೋಡಿ ತಂದ ದೊಡ್ಡ ಸಾಕೆಟ್. ಅಗ್ಗದ ಪಾನಾ ಬೇಡ. ಅದು ಬಾಯಿ ಬಿಟ್ಟುಕೊಂಡು ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ಒಮ್ಮೆ ಮೂಲೆ ಉರುಟಾಯಿತು ಅಂದರೆ ಹತ್ತು ನಿಮಿಷದ ಕೆಲಸ ಅರ್ಧ ದಿನ ತಿನ್ನುತ್ತದೆ.

ಎಷ್ಟು ಬಿಗಿಯಾಯಿತು ಅಂತ ಅಳತೆ ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್‌ಗೆ ದುಡ್ಡು ಹಾಕಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಸಲ ಹೊರಗೆ ಆಯಿಲ್ ಬದಲಿಸಿ ತಂದಿದ್ದೆ. ಮುಂದಿನ ಸಲ ಮನೆಯಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿದರೆ, ಬೋಲ್ಟಿನ ಸುತ್ತ ಬೆಳ್ಳಗೆ ಮಿಂಚುವ ಸಣ್ಣ ಸುರುಳಿ ಸುತ್ತಿಕೊಂಡು ಬಂತು. ಎಂಜಿನ್ ಕೇಸಿನ ಅಲ್ಯೂಮಿನಿಯಂ ಥ್ರೆಡ್ ಅದು. ಯಾರೋ ಉದ್ದ ಹಿಡಿಯ ಪಾನಾ ಹಾಕಿ ಮೈಭಾರ ಬಿಟ್ಟು ಬಿಗಿ ಮಾಡಿದ್ದರು. ಹೊಸ ಥ್ರೆಡ್ ಹಾಕಿಸಲು ಲೇತ್ ಅಂಗಡಿ ಹುಡುಕಿಕೊಂಡು ಹಾಸನದವರೆಗೆ ಹೋಗಬೇಕಾಯಿತು. ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂ. ಜಗಳ ಆದರೆ ಸೋಲುವುದು ಯಾವಾಗಲೂ ಕೇಸೇ. ಎಷ್ಟು ಬಿಗಿ ಮಾಡಬೇಕು ಅನ್ನುವ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಷ್ಟೇ ಮಾಡಿ.

411ಕ್ಕೆ ಸೆಂಟರ್ ಸ್ಟಾಂಡ್ ಇರುವುದು ದೊಡ್ಡ ಅನುಕೂಲ. ಆದರೆ ಮಳೆಗಾಲದಲ್ಲಿ ಅಂಗಳದ ಮಣ್ಣು ಮೆತ್ತಗಿರುತ್ತದೆ. ಸ್ಟಾಂಡ್ ಕೆಳಗೆ ಒಂದು ದಪ್ಪ ಹಲಗೆ ಇಡಿ. ಇಲ್ಲದಿದ್ದರೆ ನೀವು ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದಿರುವಾಗಲೇ ಬೈಕ್ ನಿಧಾನಕ್ಕೆ ಒಂದು ಕಡೆ ವಾಲತೊಡಗುತ್ತದೆ.

ತೊಳೆಯುವಾಗಲೇ ಅರ್ಧ ಸರ್ವಿಸ್

ಎಂಜಿನ್ ಪೂರ್ತಿ ತಣ್ಣಗಾಗಲಿ. ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಮೊದಲು ಬರೀ ನೀರು ಬಿಟ್ಟು ಮಣ್ಣು ನೆನೆಯಲು ಬಿಡಿ. ಒಣಗಿದ ಮಣ್ಣನ್ನು ಬಟ್ಟೆಯಿಂದ ಉಜ್ಜಿದರೆ ಪೇಂಟ್ ಮೇಲೆ ಗೀರು ಖಂಡಿತ.

ಪ್ರೆಶರ್ ವಾಶರ್ ಇದ್ದರೆ ಮಡ್‌ಗಾರ್ಡ್ ಒಳಗಡೆ, ಚಕ್ರದ ರಿಮ್, ಸಂಪ್ ಗಾರ್ಡ್‌ಗೆ (ಎಂಜಿನ್ ತಳ ಕಾಯುವ ತಟ್ಟೆ) ಬಳಸಿ. ಚಕ್ರದ ಬೇರಿಂಗ್, ಹ್ಯಾಂಡಲ್ ತಿರುಗುವ ಬೇರಿಂಗ್ ಅಂದರೆ ಕೋನ್‌ಸೆಟ್, ಚೈನ್, ಸ್ವಿಚ್, ಫೋರ್ಕ್ ಸೀಲ್ ಇವುಗಳ ಹತ್ತಿರ ಅದನ್ನು ತರಲೇಬೇಡಿ. ಜೋರಾದ ನೀರು ಗ್ರೀಸನ್ನು ಕೊಚ್ಚಿ ಹಾಕಿ ತಾನೇ ಒಳಗೆ ಕೂತುಬಿಡುತ್ತದೆ. ಎರಡು ತಿಂಗಳ ನಂತರ ಚಕ್ರ ಗುಂಯ್ ಅನ್ನತೊಡಗಿದಾಗ ಯಾರಿಗೂ ಆ ದಿನದ ತೊಳೆತ ನೆನಪಾಗುವುದಿಲ್ಲ.

ಸಂಪ್ ಗಾರ್ಡ್ ಮೇಲಿನ ಸಂದಿಯಲ್ಲಿ ಕೈ ಹಾಕಿ ನೋಡಿ. ಮಣ್ಣು, ಕಾಫಿ ಎಲೆ, ಸಣ್ಣ ಕಲ್ಲು ಸೇರಿ ಹೆಂಟೆ ಕಟ್ಟಿರುತ್ತದೆ. ಇದು ಎಂಜಿನ್ ತಳಕ್ಕೆ ಗಾಳಿ ಆಡದಂತೆ ಮಾಡುತ್ತದೆ, ಸಣ್ಣ ಆಯಿಲ್ ಸೋರಿಕೆಯನ್ನೂ ಮುಚ್ಚಿಡುತ್ತದೆ. ಎಂಜಿನ್ ಮುಂದಿನ ಆಯಿಲ್ ಕೂಲರ್‌ನ ರೆಕ್ಕೆಗಳಲ್ಲೂ ಕೆಸರು ತುಂಬಿರುತ್ತದೆ. ಮೆತ್ತನೆಯ ಬ್ರಶ್ ಹಾಕಿ. ರೆಕ್ಕೆ ಬಲು ತೆಳು, ಒತ್ತಿದರೆ ಬಾಗುತ್ತದೆ.

ಬಟ್ಟೆಯಿಂದ ಒರೆಸುತ್ತಾ ಹೋದಂತೆ ಪ್ರತಿ ಬೋಲ್ಟನ್ನೂ ಕಣ್ಣು ಮುಟ್ಟುತ್ತದೆ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಬೋಲ್ಟ್, ಆಕ್ಸಲ್ ನಟ್, ಚೈನ್ ಕೂರುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್‌ನ ನಟ್, ಕ್ಯಾರಿಯರ್ ಬೋಲ್ಟ್, ಸೈಡ್ ಸ್ಟಾಂಡ್ ಬೋಲ್ಟ್. ಸರಿಯಾಗಿ ಬಿಗಿ ಮಾಡಿದ ಮೇಲೆ ನಟ್ ಮತ್ತು ಅದರ ಪಕ್ಕದ ಲೋಹದ ಮೇಲೆ ಅಡ್ಡಲಾಗಿ ಪೇಂಟ್ ಪೆನ್ನಿನಲ್ಲಿ ಒಂದು ಬಿಳಿ ಗೆರೆ ಎಳೆದುಬಿಡಿ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಅಂತ ಅರ್ಥ. ನೋಡಲು ಒಂದು ನಿಮಿಷ ಸಾಕು.

ಚೈನ್

ನಿಮಗೆ ಒಂದೇ ಕೆಲಸಕ್ಕೆ ಸಮಯ ಇದ್ದರೆ ಇದನ್ನು ಮಾಡಿ. ಒಣ ರಸ್ತೆಯಲ್ಲಿ 500 ಕಿ.ಮೀ.ಗೆ ಒಮ್ಮೆ ಸಾಕು. ಕೆಸರಿನಲ್ಲಿ ಓಡಿದ ಮೇಲೆ ಅದೇ ಸಂಜೆ.

ಬೈಕನ್ನು ಸೆಂಟರ್ ಸ್ಟಾಂಡ್‌ಗೆ ಹಾಕಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಟ್ಟೆಯ ಒಂದು ನೂಲು ಸಿಕ್ಕಿಕೊಂಡರೂ ಬೆರಳು ಸ್ಪ್ರಾಕೆಟ್ ಒಳಗೆ ಹೋಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಅಂಗಡಿಯ ಚೈನ್ ಕ್ಲೀನರ್. ಪೆಟ್ರೋಲ್ ಬೇಡ. ಚೈನಿನ ಕೊಂಡಿಗಳ ನಡುವೆ ಓ-ರಿಂಗ್ ಅನ್ನುವ ಸಣ್ಣ ರಬ್ಬರ್ ಬಳೆಗಳು ಇರುತ್ತವೆ. ಅವು ಒಳಗಿನ ಗ್ರೀಸನ್ನು ಹಿಡಿದಿಟ್ಟುಕೊಳ್ಳುತ್ತವೆ. ಪೆಟ್ರೋಲ್ ಅವನ್ನು ಹಾಳು ಮಾಡುತ್ತದೆ. ತಂತಿ ಬ್ರಶ್ ಕೂಡ ಅಷ್ಟೇ. ಹಳೆಯ ಟೂತ್ ಬ್ರಶ್ ಸಾಕು. ನಾಲ್ಕೂ ಬದಿ ಉಜ್ಜಿ, ಬನಿಯನ್ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಪು ಬರುವುದು ನಿಂತು ಕಪ್ಪು ಮಾತ್ರ ಬರತೊಡಗಿದರೆ ಮಣ್ಣು ಹೋಗಿದೆ ಅಂತ ಲೆಕ್ಕ.

ಪೂರ್ತಿ ಒಣಗಿದ ಮೇಲೆ ಲೂಬ್ ಹಾಕಿ. ಚೈನ್ ಸ್ಪ್ರೇ ಆದರೂ ಸರಿ, 90 ನಂಬರಿನ ಗೇರ್ ಆಯಿಲ್ ಆದರೂ ಸರಿ. ಕೆಳಗಿನ ಸಾಲಿನ ಒಳಮುಖಕ್ಕೆ, ಅಂದರೆ ಸ್ಪ್ರಾಕೆಟ್ ಹಲ್ಲು ಕಚ್ಚುವ ಕಡೆಗೆ ಹಾಕಬೇಕು. ಚೈನ್ ತಿರುಗುವಾಗ ಎಣ್ಣೆ ತಾನಾಗಿ ಹೊರಮುಖಕ್ಕೆ ಬರುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ಹೊರಗಿನ ಹೆಚ್ಚಿನ ಎಣ್ಣೆ ಒರೆಸಿಬಿಡಿ. ಜಾಸ್ತಿ ಎಣ್ಣೆ ಇದ್ದರೆ ಜಾಸ್ತಿ ಮಣ್ಣು ಹಿಡಿಯುತ್ತದೆ. ಚಕ್ರದ ಆಚೆ ಬದಿಯ ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಹಾರದಂತೆ ನಡುವೆ ರಟ್ಟು ಹಿಡಿಯಿರಿ.

ಈಗ ಸಡಿಲ ನೋಡುವುದು. ಎರಡು ಸ್ಪ್ರಾಕೆಟ್‌ಗಳ ನಡುವೆ, ಕೆಳಸಾಲಿನ ಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಸ್ಕೇಲ್ ಹಿಡಿಯಿರಿ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಯ ಅಳತೆಯೇ ಲೆಕ್ಕಕ್ಕೆ. ಇಂಥ ಬೈಕ್‌ಗಳಿಗೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ, ಯಾವ ಸ್ಟಾಂಡ್ ಮೇಲೆ ಅಳೆಯಬೇಕು ಅನ್ನುವುದು ಮ್ಯಾನ್ಯುಯಲ್‌ನಲ್ಲಿದೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಹಿಮಾಲಯನ್‌ನ ಹಿಂದಿನ ಚಕ್ರ 180 ಮಿ.ಮೀ.ವರೆಗೆ ಮೇಲೆ ಕೆಳಗೆ ಆಡುತ್ತದೆ. ಸಸ್ಪೆನ್ಶನ್ ಅದುಮಿದಂತೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚಾಗಿ ಚೈನ್ ಬಿಗಿಯಾಗುತ್ತದೆ. ನಿಂತ ಬೈಕ್‌ನಲ್ಲಿ ನೀವು ಚೈನನ್ನು ಚೆಂದಕ್ಕೆ ಎಳೆದು ಕಟ್ಟಿಬಿಟ್ಟರೆ, ಗುಂಡಿಗೆ ಬಿದ್ದಾಗ ಅದಕ್ಕೆ ಎಳೆಯಲು ಜಾಗವೇ ಇರುವುದಿಲ್ಲ. ಆಗ ಪೆಟ್ಟು ಬೀಳುವುದು ಗೇರ್‌ಬಾಕ್ಸ್ ಶಾಫ್ಟ್‌ನ ಬೇರಿಂಗ್‌ಗೆ. ಹಾಗಾಗಿ ಸಂಶಯ ಬಂದರೆ ಬಿಗಿಗಿಂತ ಸ್ವಲ್ಪ ಸಡಿಲವೇ ವಾಸಿ.

ಸರಿಪಡಿಸುವಾಗ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಸಮಸಮವಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಗುರುತು ಎರಡೂ ಕಡೆ ಒಂದೇ ಇರಬೇಕು. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಗಿ ಮಾಡುವಾಗಲೇ ಅಳತೆ ಬದಲಾಗುವುದುಂಟು.

ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಚೈನ್ ಮುಗಿದಿದೆ. ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯ ಹಾಗೆ ಬಾಗಿದ್ದರೂ ಅಷ್ಟೇ. ಚೈನ್ ಒಂದನ್ನೇ ಬದಲಿಸಿ ದುಡ್ಡು ಉಳಿಸಲು ಹೋಗಬೇಡಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಇಡೀ ಸೆಟ್ ಹಾಕಿಸಿ.

ಬ್ರೇಕ್

ಕೆಸರು ಮತ್ತು ಮರಳು ಬ್ರೇಕ್ ಪ್ಯಾಡನ್ನು ಉಜ್ಜುಕಾಗದದ ಹಾಗೆ ಸವೆಸುತ್ತವೆ. ಒಂದೇ ಮಳೆಗಾಲದಲ್ಲಿ ಹಿಂದಿನ ಪ್ಯಾಡ್ ಖಾಲಿಯಾಗಿದ್ದು ನನ್ನ ಬೈಕಿನಲ್ಲೇ ಇದೆ. ಟಾರ್ಚ್ ಹಿಡಿದು ಕ್ಯಾಲಿಪರ್ ಒಳಗೆ ನೋಡಿ. ಲೋಹದ ತಟ್ಟೆಯ ಮೇಲಿನ ಪದರ ಎಷ್ಟು ಉಳಿದಿದೆ? ಅದರ ನಡುವಿನ ಗೀರು ಮಾಯವಾಗಿದ್ದರೆ ಹೊಸ ಪ್ಯಾಡ್ ಹಾಕುವ ಸಮಯ ಬಂದಿದೆ. ಒಂದು ಪ್ಯಾಡ್ ದಪ್ಪ, ಇನ್ನೊಂದು ತೆಳು ಆಗಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ. ಪಿನ್ ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಸವರಿ.

ಪ್ಯಾಡ್ ಹೊರಗಿರುವಾಗ ಬ್ರೇಕ್ ಒತ್ತಬೇಡಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕಾಗುತ್ತದೆ. ಅದಕ್ಕೆ ಮುಂಚೆ ಅದರ ಸುತ್ತ ಒಣಗಿದ ಮಣ್ಣನ್ನು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಮಣ್ಣೂ ಸೀಲ್ ಒಳಗೆ ಹೋಗುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ದ್ರವ ಏರಿ ಚೆಲ್ಲಬಹುದು. ಬ್ರೇಕ್ ಫ್ಲೂಯಿಡ್ ಪೇಂಟನ್ನು ಎಬ್ಬಿಸಿಬಿಡುತ್ತದೆ. ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳಿ, ಬಿದ್ದ ತಕ್ಷಣ ಒರೆಸಿ.

ಎಲ್ಲ ಜೋಡಿಸಿದ ಮೇಲೆ ಬೈಕ್ ಹತ್ತುವ ಮುಂಚೆ, ಲಿವರ್ ಮತ್ತು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಮೊದಲ ನಾಲ್ಕೈದು ಸಲ ಅದು ಹ್ಯಾಂಡಲ್‌ವರೆಗೂ ಖಾಲಿ ಬರುತ್ತದೆ. ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಅಂಗಳದಲ್ಲೇ ಹತ್ತು ಅಡಿ ಹೋಗಿ ನಿಲ್ಲಿಸಿ ನೋಡಿ.

ಬ್ರೇಕ್ ಫ್ಲೂಯಿಡ್ ಡಾಟ್ 4. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನಲ್ಲಿ ತೇವಕ್ಕೆ ಬರ ಇಲ್ಲ ಅಲ್ವಾ. ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಎಬಿಎಸ್ ಇರುವ ಬೈಕ್‌ನಲ್ಲಿ ಆ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಒಳಗೆ ಸಿಕ್ಕಿಕೊಂಡ ಒಂದು ಗಾಳಿಗುಳ್ಳೆ ಸಾಕು, ಲಿವರ್ ಸ್ಪಂಜಿನ ಹಾಗಾಗುತ್ತದೆ.

ಎಂಜಿನ್ ಆಯಿಲ್

411ಕ್ಕೆ 15ಡಬ್ಲ್ಯೂ-50 ಆಯಿಲ್. ಕ್ಯಾನ್ ಮೇಲೆ ಜಾಸೋ ಎಂಎ2 (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಅಂತ ಇರಲಿ. ಕಾರಿನ ಆಯಿಲ್ ಹಾಕಬೇಡಿ. ಬೈಕಿನಲ್ಲಿ ಕ್ಲಚ್ ಕೂಡ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್‌ಗೆ ಕ್ಲಚ್ ಜಾರಬಹುದು.

ಹಳ್ಳ ದಾಟಿ ಬಂದ ದಿನ ಎಂಜಿನ್ ಬಲಬದಿಯ ಗಾಜಿನ ಕಿಟಕಿ ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಆಗ ಸರ್ವಿಸ್ ಬುಕ್ಕಿನ ಲೆಕ್ಕ ಬಿಡಿ. ಬೈಕ್ ಓಡಿಸದೆ ಆಯಿಲ್ ತೆಗೆಯಿರಿ.

ಮಾಮೂಲಿ ಬದಲಾವಣೆಗೆ ಎಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ. ಎಣ್ಣೆ ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ, ಕುದಿಯುವಷ್ಟು ಬಿಸಿಯಾಗಿದ್ದರೆ ಕೈ ಸುಡುತ್ತದೆ. ಸಂಪ್ ಗಾರ್ಡ್ ಬಿಚ್ಚಿ, ಕೆಳಗೆ ಅಗಲದ ಬೇಸಿನ್ ಇಟ್ಟು, ಡ್ರೈನ್ ಬೋಲ್ಟ್ ತೆಗೆಯಿರಿ. ಕೊನೆಯ ಎರಡು ಸುತ್ತು ಬೆರಳಿನಿಂದ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು ತಿರುಗಿಸಿ ಸರಕ್ಕನೆ ಎಳೆಯಿರಿ. ಆಗ ಎಣ್ಣೆ ಮೊಣಕೈವರೆಗೆ ಹರಿಯುವುದಿಲ್ಲ.

ಇಳಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಎರಡು ಬೆರಳಲ್ಲಿ ಉಜ್ಜಿ. ನುಣ್ಣಗೆ ಬೂದಿಯಂಥದ್ದು ಸ್ವಲ್ಪ ಇದ್ದರೆ ಅದು ಸಹಜ ಸವೆತ. ಕಣ್ಣಿಗೆ ಕಾಣುವ ಲೋಹದ ಚೂರು ಸಿಕ್ಕರೆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ನಂಬಿಕೆಯ ಮೆಕ್ಯಾನಿಕ್ ಹತ್ತಿರ ಹೋಗಿ.

ಫಿಲ್ಟರ್ ತೆಗೆಯುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ, ಯಾವ ಮುಖ ಒಳಗಿತ್ತು ಅಂತ ಗೊತ್ತಾಗಲಿ. ತಿರುಗುಮುರುಗಾಗಿ ಹಾಕಿದರೆ ಎಣ್ಣೆ ಸರಿಯಾಗಿ ಓಡುವುದಿಲ್ಲ. ಮುಚ್ಚಳದ ಓ-ರಿಂಗ್ ಮತ್ತು ಡ್ರೈನ್ ಬೋಲ್ಟಿನ ವಾಶರ್ ಹೊಸದು ಹಾಕಿ. ಬೋಲ್ಟನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಆಮೇಲೆ ಟಾರ್ಕ್ ರೆಂಚ್.

ಹೊಸ ಎಣ್ಣೆಯನ್ನು ಒಂದೇ ಸಲ ಸುರಿಯಬೇಡಿ. ಮ್ಯಾನ್ಯುಯಲ್ ಹೇಳಿದ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ, ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಬಿಡಿ. ಬೈಕನ್ನು ನೆಟ್ಟಗೆ ನಿಲ್ಲಿಸಿಯೇ ಕಿಟಕಿಯಲ್ಲಿ ಮಟ್ಟ ನೋಡಬೇಕು. ಎರಡು ಗೆರೆಗಳ ನಡುವೆ ಬರುವವರೆಗೆ ಸ್ವಲ್ಪ ಸ್ವಲ್ಪ ಸೇರಿಸಿ.

ಹಳೆಯ ಎಣ್ಣೆಯನ್ನು ತೋಟದ ಮೂಲೆಗೋ ಚರಂಡಿಗೋ ಚೆಲ್ಲಬೇಡಿ. ನಮ್ಮ ಕಡೆಯ ಹಳ್ಳಗಳು ಹೇಮಾವತಿಗೆ ಸೇರುತ್ತವೆ, ಆ ನೀರನ್ನೇ ಎಷ್ಟೋ ಊರಿನವರು ಕುಡಿಯುತ್ತಾರೆ. ಹೊಸ ಆಯಿಲ್‌ನ ಖಾಲಿ ಕ್ಯಾನಿಗೇ ತುಂಬಿ ಗ್ಯಾರೇಜಿಗೆ ಕೊಡಿ. ಅಲ್ಲಿಂದ ಹಳೆ ಆಯಿಲ್ ಕೊಳ್ಳುವವರು ತೆಗೆದುಕೊಂಡು ಹೋಗುತ್ತಾರೆ.

ಗಾಳಿ, ಚಕ್ರ, ಕೇಬಲ್

ಏರ್ ಫಿಲ್ಟರ್‌ಗೆ ಮಳೆಗಾಲಕ್ಕಿಂತ ಬೇಸಿಗೆ ಕಷ್ಟ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ತೋಟದ ರಸ್ತೆಯಲ್ಲಿ ಜೀಪು ಟ್ರ್ಯಾಕ್ಟರ್ ಓಡಾಟ, ಮುಂದಿನ ಬೈಕ್ ಎಬ್ಬಿಸಿದ ಧೂಳು. ಕಾಗದದ ಫಿಲ್ಟರ್ ಆದರೆ ನೀರಲ್ಲಿ ತೊಳೆಯಬೇಡಿ. ಮೆಲ್ಲಗೆ ತಟ್ಟಿ, ಕಡಿಮೆ ಪ್ರೆಶರಿನ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಿ. ಬೆಳಕಿಗೆ ಹಿಡಿದಾಗ ಬೆಳಕು ಹಾಯದಿದ್ದರೆ, ಅಥವಾ ಒದ್ದೆಯಾಗಿದ್ದರೆ, ಹೊಸದು ಹಾಕಿ. ಫಿಲ್ಟರ್ ಪೆಟ್ಟಿಗೆಯ ಒಳಗೋಡೆಯನ್ನೂ ಒರೆಸಿ. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಕೊಳವೆಯಲ್ಲಿ ಧೂಳು ಕಂಡರೆ ಫಿಲ್ಟರ್ ಸರಿಯಾಗಿ ಕೂತಿಲ್ಲ.

ಸ್ಪೋಕ್‌ಗಳನ್ನು ಸಣ್ಣ ಪಾನಾದಿಂದ ಒಂದೊಂದಾಗಿ ಮೆಲ್ಲಗೆ ತಟ್ಟುತ್ತಾ ಹೋಗಿ. ಬಿಗಿಯಾಗಿರುವುದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ಒಂದೆರಡು ಸಡಿಲ ಇದ್ದರೆ ಸ್ಪೋಕ್ ಕೀ ಹಾಕಿ ಕಾಲು ಸುತ್ತಿಗಿಂತ ಹೆಚ್ಚಿಲ್ಲದೆ ತಿರುಗಿಸಿ, ಮತ್ತೆ ತಟ್ಟಿ ನೋಡಿ. ಸಾಲಾಗಿ ನಾಲ್ಕೈದು ಸಡಿಲವಾಗಿದ್ದರೆ ಚಕ್ರ ಬೆಂಡ್ ತೆಗೆಯುವವರ ಹತ್ತಿರ ಕೊಂಡೊಯ್ಯಿರಿ.

ಟೈರ್ ಗಾಳಿಯನ್ನು ಬೆಳಗ್ಗೆ ಬೈಕ್ ಹೊರಡುವ ಮುಂಚೆ ನೋಡಿ. ಕೆಸರಿಗೆಂದು ಗಾಳಿ ಇಳಿಸಿದ್ದರೆ ಡಾಂಬರಿಗೆ ಬಂದ ತಕ್ಷಣ ತುಂಬಿಸಿ. ಅದಕ್ಕಾಗಿ ಒಂದು ಸಣ್ಣ ಕೈ ಪಂಪ್ ಬ್ಯಾಗಲ್ಲಿ ಇರಲಿ. ಟ್ಯೂಬಿನ ವಾಲ್ವ್ ನೆಟ್ಟಗೆ ನಿಲ್ಲದೆ ಒಂದು ಕಡೆ ವಾಲಿದ್ದರೆ ಟೈರ್ ರಿಮ್ ಮೇಲೆ ಜಾರಿದೆ. ಹಾಗೇ ಬಿಟ್ಟರೆ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ. ಅದಕ್ಕೆ ಪಂಚರ್ ಹಾಕಲೂ ಆಗುವುದಿಲ್ಲ.

ಮುಂದಿನ ಫೋರ್ಕ್‌ನ ಸೀಲ್ ಹತ್ತಿರ ಎಣ್ಣೆ ಜಿನುಗಿದರೆ ಎಲ್ಲ ಸಲವೂ ಸೀಲ್ ಹೋಗಿರುವುದಿಲ್ಲ. ಸೀಲಿನ ತುಟಿಯಲ್ಲಿ ಮಣ್ಣಿನ ಕಣ ಸಿಕ್ಕಿರಬಹುದು. ರಬ್ಬರ್ ಬೂಟ್ ಮೇಲೆತ್ತಿ, ಧೂಳಿನ ಸೀಲನ್ನೂ ಮೇಲಕ್ಕೆ ಸರಿಸಿ, ಹಳೆಯ ಎಕ್ಸ್‌ರೇ ಫಿಲ್ಮಿನ ತೆಳು ಪಟ್ಟಿಯನ್ನು ಸೀಲ್ ಮತ್ತು ಕೊಳವೆಯ ನಡುವೆ ತೂರಿಸಿ ಸುತ್ತ ಒಂದು ಸಲ ಎಳೆಯಿರಿ. ಮಣ್ಣು ಅದರ ಜೊತೆ ಬರುತ್ತದೆ. ಆಮೇಲೂ ಜಿನುಗಿದರೆ ಸೀಲ್ ಬದಲಿಸಬೇಕು.

ಕ್ಲಚ್ ಕೇಬಲ್‌ಗೆ ಎಣ್ಣೆ ಬಿಡುವುದು ಹೀಗೆ: ಲಿವರ್ ಕಡೆಯ ತುದಿ ಬಿಚ್ಚಿ. ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಕತ್ತರಿಸಿ ಕೇಬಲ್ ಬಾಯಿಗೆ ಕಟ್ಟಿ, ಒಳಗೆ ಸ್ವಲ್ಪ ಎಣ್ಣೆ ಹಾಕಿ, ಚೀಲವನ್ನು ಕನ್ನಡಿಗೆ ನೇತುಹಾಕಿ ಮಲಗಿ. ಬೆಳಗ್ಗೆ ಕೆಳತುದಿಯಲ್ಲಿ ಮೊದಲು ಕಂದು ನೀರು, ಆಮೇಲೆ ಎಣ್ಣೆ ಹನಿಯುತ್ತಿರುತ್ತದೆ. ಎಣ್ಣೆ ಬೇಕಾಗಿತ್ತಾ ಅನ್ನುವ ಪ್ರಶ್ನೆಗೆ ಆ ಕಂದು ನೀರೇ ಉತ್ತರ.

ಸೆಂಟರ್ ಸ್ಟಾಂಡ್ ಮೇಲೆ ಬೈಕಿನ ಹಿಂಬದಿಗೆ ಯಾರಾದರೂ ಭಾರ ಕೊಟ್ಟು ಮುಂದಿನ ಚಕ್ರ ಎತ್ತಲಿ. ನೀವು ಹ್ಯಾಂಡಲನ್ನು ಒಂದೇ ಬೆರಳಿನಿಂದ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಎಲ್ಲೋ ಗುಳಿಗೆ ಬಿದ್ದ ಹಾಗೆ ಟಕ್ ಅಂತ ನಿಂತರೆ ಕೋನ್‌ಸೆಟ್ ಹೋಗಿದೆ. ಅದನ್ನು ಬದಲಿಸುವುದು, ಟ್ಯಾಪೆಟ್ (ಎಂಜಿನ್ ವಾಲ್ವ್‌ನ ಸಂದು) ಅಳತೆ, ಫೋರ್ಕ್ ಆಯಿಲ್ ಇವು ಮೊದಲ ವರ್ಷ ಮೆಕ್ಯಾನಿಕ್ ಕೈಯಲ್ಲೇ ಇರಲಿ. ಆದರೆ ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಆಸಕ್ತಿಯಿಂದ ಕೇಳುವವರಿಗೆ ಒಳ್ಳೆಯ ಮೆಕ್ಯಾನಿಕ್ ಹೇಳಿಕೊಡುತ್ತಾರೆ.

ಕೆಲಸ ಮುಗಿದ ಮೇಲೆ ಕೈ ತೊಳೆಯುವ ಮುಂಚೆಯೇ ಪುಸ್ತಕದಲ್ಲಿ ಬರೆದುಬಿಡಿ. ನಾನು ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಮೀಟರ್ ಓದು, ಏನು ಮಾಡಿದೆ, ಏನು ಕಂಡಿತು. ಪಕ್ಕದಲ್ಲಿ ಇನ್ನೊಂದು ಕಾಲಂ: ಆ ತಿಂಗಳು ಎಷ್ಟು ಸಲ ಕೆಸರಿಗೆ ಇಳಿದಿದ್ದೆ. ಮುಂದಿನ ಚೈನ್ ಯಾವಾಗ, ಮುಂದಿನ ಪ್ಯಾಡ್ ಯಾವಾಗ ಅಂತ ಈಗ ನಾನು ನೋಡುವುದು ಆ ಕಾಲಂನಲ್ಲೇ.